ಶ್ವೇತಭವನಕ್ಕೆ ಹೊಸಬರು ಬಂದಾಗ ಯುರೋಪಿನ ಲೆಕ್ಕ ಎಲ್ಲಿ ತಪ್ಪುತ್ತದೆ

2008ರ ಜುಲೈ 24ರ ಸಂಜೆ ಬರ್ಲಿನ್‌ನ ವಿಜಯಸ್ತಂಭದ ಎದುರು ಸುಮಾರು ಎರಡು ಲಕ್ಷ ಜನ ನೆರೆದಿದ್ದರು. ಮಾತಾಡಲು ಬಂದಿದ್ದ ಬರಾಕ್ ಒಬಾಮ ಆಗಿನ್ನೂ ಅಭ್ಯರ್ಥಿ. ನೆರೆದವರಲ್ಲಿ ಬಹುಪಾಲು ಜನರಿಗೆ ಆ ಚುನಾವಣೆಯಲ್ಲಿ ಮತವಿರಲಿಲ್ಲ, ಆಸೆ ಮಾತ್ರ ಬೆಟ್ಟದಷ್ಟಿತ್ತು. ಇರಾಕ್ ಯುದ್ಧದ ಕಹಿ ಕಳೆಯಬೇಕು, ಕ್ಯೂಬಾದ ಗ್ವಾಂಟನಾಮೊದಲ್ಲಿರುವ ಅಮೆರಿಕದ ಸೆರೆಮನೆ ಮುಚ್ಚಬೇಕು, ಹವಾಮಾನದ ವಿಷಯದಲ್ಲಿ ಅಮೆರಿಕ ಮುಂದೆ ಬರಬೇಕು.

ಗ್ವಾಂಟನಾಮೊ ಕಥೆ ಏನಾಯಿತು ನೋಡಿ. ಅಧಿಕಾರ ಸ್ವೀಕರಿಸಿ ಎರಡೇ ದಿನಕ್ಕೆ, 2009ರ ಜನವರಿ 22ರಂದು, ಒಂದು ವರ್ಷದೊಳಗೆ ಅದನ್ನು ಮುಚ್ಚುವ ಆದೇಶಕ್ಕೆ ಒಬಾಮ ಸಹಿ ಹಾಕಿದರು. ಕೈದಿಗಳನ್ನು ಅಮೆರಿಕದ ನೆಲಕ್ಕೆ ಸಾಗಿಸಲು ಹಣ ಬಳಸಕೂಡದೆಂದು ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಕಟ್ಟು ಹಾಕಿತು. ಎಂಟು ವರ್ಷ ಆಳಿದರೂ ಮುಚ್ಚಲಾಗಲಿಲ್ಲ. ಅಧ್ಯಕ್ಷರಿಗೆ ಮನಸ್ಸಿತ್ತು, ಬೀಗದ ಕೈ ಮಾತ್ರ ಬೇರೆಯವರ ಹತ್ತಿರ ಇತ್ತು.

ಹಾಗಾಗಿ ಚುನಾವಣೆ ಮುಗಿದ ಮೇಲೆ ಕೇಳಬೇಕಾದ ಮೊದಲ ಪ್ರಶ್ನೆ, ಈ ಬೀಗದ ಕೈ ಯಾರ ಬಳಿ ಇದೆ ಎಂಬುದು. ಬೇರೆ ದೇಶಗಳ ಜೊತೆಗಿನ ಒಪ್ಪಂದವೊಂದು ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಅನುಮೋದನೆ ಪಡೆಯಲು ಮೂರನೇ ಎರಡರಷ್ಟು ಮತ ಬೇಕು. ನೂರು ಸದಸ್ಯರೂ ಹಾಜರಿದ್ದರೆ 67. ಅಷ್ಟು ಮತ ಸಿಗದ ಕಡೆ ಅಧ್ಯಕ್ಷರು ತಮ್ಮ ಸಹಿಯ ಬಲದಲ್ಲೇ ಕೆಲಸ ಮುಗಿಸುತ್ತಾರೆ. ಒಬ್ಬರ ಸಹಿಯಿಂದ ಬಂದದ್ದು ಇನ್ನೊಬ್ಬರ ಸಹಿಯಿಂದ ಹೋಗುತ್ತದೆ. ಪ್ಯಾರಿಸ್ ಹವಾಮಾನ ಒಪ್ಪಂದದಿಂದ ಅಮೆರಿಕ 2020ರ ನವೆಂಬರ್ 4ಕ್ಕೆ ಹೊರಬಿತ್ತು, 2021ರ ಫೆಬ್ರುವರಿ 19ಕ್ಕೆ ಒಳಬಂತು, 2025ರ ಜನವರಿ 20ರಂದು ಮತ್ತೆ ಹೊರಹೋಗುವ ಆದೇಶಕ್ಕೆ ಸಹಿ ಬಿತ್ತು. 2015ರ ಇರಾನ್ ಅಣು ಒಪ್ಪಂದವೂ ಸೆನೆಟ್ ಅನುಮೋದಿಸಿದ ಒಪ್ಪಂದವಾಗಿರಲಿಲ್ಲ. 2018ರ ಮೇ 8ರಂದು ಅಮೆರಿಕ ಅದರಿಂದ ಹೊರನಡೆದಾಗ ಪೆಟ್ಟು ತಿಂದವು ಇರಾನಿನಲ್ಲಿ ಹಣ ಹೂಡಿದ್ದ ಯುರೋಪಿನ ಕಂಪನಿಗಳು.

ಅಮೆರಿಕ, ಯುರೋಪು ಸೇರಿದ ಸೇನಾ ಕೂಟವಾದ ನ್ಯಾಟೊ ಹಾಗಲ್ಲ, ಅದು ಸೆನೆಟ್ ಒಪ್ಪಿದ ಒಪ್ಪಂದ. ಹೊರಹೋಗಲು 13ನೇ ವಿಧಿಯ ಪ್ರಕಾರ ಒಂದು ವರ್ಷ ಮೊದಲೇ ನೋಟಿಸ್ ಕೊಡಬೇಕು. ಅಧ್ಯಕ್ಷರೊಬ್ಬರೇ ತೀರ್ಮಾನಿಸಿ ಹೊರನಡೆಯದಂತೆ 2023ರ ಡಿಸೆಂಬರ್‌ನಲ್ಲಿ ಕಾಂಗ್ರೆಸ್ ಕಾನೂನನ್ನೂ ಮಾಡಿತು. ಇಷ್ಟು ಓದಿ ಯುರೋಪಿನ ಹಲವರು ನಿರಾಳರಾದರು. ನನಗೆ ಆತಂಕ ಆಗುವುದು ಇಲ್ಲೇ. ಸದಸ್ಯ ದೇಶವೊಂದರ ಮೇಲೆ ದಾಳಿಯಾದರೆ ಉಳಿದವರು ಏನು ಮಾಡಬೇಕೆಂದು ಹೇಳುವ 5ನೇ ವಿಧಿಯಲ್ಲಿ, ಪ್ರತಿ ದೇಶವೂ ತನಗೆ ಅಗತ್ಯವೆಂದು ಕಂಡ ಕ್ರಮ ಕೈಗೊಳ್ಳುತ್ತದೆ ಎಂದಷ್ಟೇ ಇದೆ. ಆ ಕ್ರಮ ಸೈನ್ಯ ಕಳಿಸುವುದೇ ಆಗಬೇಕೆಂದಿಲ್ಲ. ನ್ಯಾಟೊದಲ್ಲಿ ಉಳಿದುಕೊಂಡೇ ಸುಮ್ಮನಿರುವ ಅಧ್ಯಕ್ಷರನ್ನು ಯಾವ ಕಾನೂನೂ ತಡೆಯಲಾರದು. ಅದಕ್ಕೇ ಭಾಷಣಕ್ಕಿಂತ ರಕ್ಷಣಾ ಬಜೆಟ್ ನೋಡಬೇಕು. ಜರ್ಮನಿ, ಪೋಲೆಂಡ್, ರೊಮೇನಿಯಾಗಳಲ್ಲಿ ಅಮೆರಿಕದ ಎಷ್ಟು ಸೈನಿಕರಿದ್ದಾರೆ, ಎಷ್ಟು ಮದ್ದುಗುಂಡಿನ ದಾಸ್ತಾನಿದೆ ಎಂಬುದು ನೆಲದ ಮೇಲೆ ಕಾಣುವ ಲೆಕ್ಕ.

ಎರಡನೆಯ ಪ್ರಶ್ನೆ, ಎರಡೂ ಪಕ್ಷಗಳು ಒಪ್ಪುವ ವಿಷಯ ಯಾವುದು? ಯುರೋಪು ತನ್ನ ರಕ್ಷಣೆಗೆ ಸಾಕಷ್ಟು ಖರ್ಚು ಮಾಡುವುದಿಲ್ಲ ಎಂಬ ತಕರಾರು ಟ್ರಂಪ್ ಅವರಿಂದ ಶುರುವಾದದ್ದಲ್ಲ. ಒಬಾಮ ಸರ್ಕಾರದ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್ 2011ರ ಜೂನ್‌ನಲ್ಲಿ ಬ್ರಸೆಲ್ಸ್‌ಗೇ ಹೋಗಿ ಅದನ್ನು ಖಾರವಾಗಿ ಹೇಳಿದ್ದರು. 2014ರ ನ್ಯಾಟೊ ವೇಲ್ಸ್ ಶೃಂಗಸಭೆಯಲ್ಲಿ ರಕ್ಷಣೆಗೆ ಜಿಡಿಪಿಯ ಶೇ 2 ಖರ್ಚು ಮಾಡುವ ಗುರಿ ಒಪ್ಪಿದಾಗ ಅದನ್ನು ಮುಟ್ಟಿದ್ದ ದೇಶಗಳು ಮೂರು. 2025ರ ಹೇಗ್ ಸಭೆಯಲ್ಲಿ ಗುರಿ 2035ಕ್ಕೆ ಶೇ 5 ಆಯಿತು. ನಡುವಿನ ಹನ್ನೊಂದು ವರ್ಷಗಳಲ್ಲಿ ಶ್ವೇತಭವನದಲ್ಲಿ ಯಾರೇ ಇರಲಿ, ಬೇಡಿಕೆ ಒಂದೇ ದಿಕ್ಕಿನಲ್ಲಿತ್ತು. ದೇಶಗಳ ವ್ಯಾಪಾರ ವಿವಾದಗಳ ಮೇಲ್ಮನವಿ ಕೇಳುವ ವಿಶ್ವ ವ್ಯಾಪಾರ ಸಂಸ್ಥೆಯ ಪೀಠದ ಕಥೆಯೂ ಇದೇ. 2016ರಲ್ಲಿ ಒಬಾಮ ಸರ್ಕಾರ ಒಬ್ಬ ಸದಸ್ಯರ ಮರುನೇಮಕ ತಡೆಯಿತು, ಟ್ರಂಪ್ ಕಾಲದಲ್ಲಿ ಎಲ್ಲ ನೇಮಕವೂ ನಿಂತು 2019ರ ಡಿಸೆಂಬರ್‌ನಲ್ಲಿ ಪೀಠ ಸ್ತಬ್ಧವಾಯಿತು, ಬೈಡನ್ ಬಂದರೂ ಅದಕ್ಕೆ ಜೀವ ಬರಲಿಲ್ಲ.

ಯುರೋಪು ಮತ್ತೆಮತ್ತೆ ಎಡವುವುದು ದನಿಯನ್ನು ನೀತಿ ಎಂದು ತಿಳಿದಾಗ. ಅಮೆರಿಕ ಮರಳಿ ಬಂದಿದೆ ಎಂದು ಬೈಡನ್ 2021ರ ಫೆಬ್ರುವರಿಯಲ್ಲಿ ಮ್ಯೂನಿಕ್ ಭದ್ರತಾ ಸಮ್ಮೇಳನಕ್ಕೆ ಹೇಳಿದರು. ಅದೇ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾ ಫ್ರಾನ್ಸಿನ 12 ಜಲಾಂತರ್ಗಾಮಿಗಳ ಒಪ್ಪಂದ ಕೈಬಿಟ್ಟು ಅಮೆರಿಕ, ಬ್ರಿಟನ್ ಜೊತೆ ಹೊಸ ಒಪ್ಪಂದ ಮಾಡಿಕೊಂಡಿತು. ಫ್ರಾನ್ಸ್ ವಾಷಿಂಗ್ಟನ್‌ನಿಂದ ತನ್ನ ರಾಯಭಾರಿಯನ್ನು ವಾಪಸ್ ಕರೆಸಿಕೊಂಡಿತು. ಯುರೋಪಿನ ಉಕ್ಕಿನ ಮೇಲೆ ಟ್ರಂಪ್ 2018ರಲ್ಲಿ ಹೇರಿದ ಸುಂಕ ಕೂಡ ಪೂರ್ತಿ ಹೋಗಲಿಲ್ಲ. 2022ರಿಂದ 2025ರ ಮಾರ್ಚ್ ತನಕ ವರ್ಷಕ್ಕೆ 33 ಲಕ್ಷ ಟನ್‌ವರೆಗೆ ಸುಂಕವಿರಲಿಲ್ಲ, ಅದರಾಚೆಗೆ ಶೇ 25 ಹಾಗೇ ಉಳಿಯಿತು.

ಸಣ್ಣ ದಾರಿಗಳಿಂದಲೂ ಕೆಲಸ ಆಗುತ್ತದೆ, ಅದನ್ನು ಹೇಳಲೇಬೇಕು. 2022ರ ಆಗಸ್ಟ್‌ನ ಕಾನೂನು ವಿದ್ಯುತ್ ಕಾರು ಕೊಂಡವರಿಗೆ 7,500 ಡಾಲರ್‌ವರೆಗೆ ತೆರಿಗೆ ರಿಯಾಯಿತಿ ಕೊಟ್ಟಿತು, ಆದರೆ ಕಾರಿನ ಅಂತಿಮ ಜೋಡಣೆ ಉತ್ತರ ಅಮೆರಿಕದಲ್ಲೇ ಆಗಿರಬೇಕಿತ್ತು. ಯುರೋಪಿನ ನಾಯಕರು ಬಹಿರಂಗವಾಗಿ ಎಷ್ಟೇ ಅಸಮಾಧಾನ ತೋರಿಸಿದರೂ ಕಾಂಗ್ರೆಸ್ ಕಾನೂನು ತಿದ್ದಲಿಲ್ಲ. ಬಾಗಿಲು ತೆರೆದದ್ದು ಖಜಾನೆ ಇಲಾಖೆಯ ವಿವರಣೆಯಲ್ಲಿ. ಲೀಸ್ ಮೇಲೆ ಕೊಡುವ ಕಾರು ವಾಣಿಜ್ಯ ವಾಹನದ ರಿಯಾಯಿತಿಗೆ ಸೇರಬಹುದು, ಅಲ್ಲಿ ಜೋಡಣೆಯ ಷರತ್ತಿಲ್ಲ ಎಂದು ಅದು 2022ರ ಡಿಸೆಂಬರ್ ಕೊನೆಯಲ್ಲಿ ಸ್ಪಷ್ಟಪಡಿಸಿತು. ಯುರೋಪಿನಲ್ಲಿ ತಯಾರಾದ ಕಾರುಗಳಿಗೂ ಅದರಿಂದ ದಾರಿಯಾಯಿತು. 2025ರ ಜುಲೈನಲ್ಲಿ ಹೊಸ ಕಾನೂನು ಬಂತು, ಸೆಪ್ಟೆಂಬರ್ 30ಕ್ಕೆ ಎರಡೂ ರಿಯಾಯಿತಿಗಳು ಕೊನೆಯಾದವು.