ಧನುರ್ಮಾಸದಲ್ಲಿ ಒಂದು ಪ್ಲಗಿನ್

2018ರ ಡಿಸೆಂಬರ್ ಕೊನೆ. ಧನುರ್ಮಾಸ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹಾಗಾಗಿ ತಿಪಟೂರಿನ ನಮ್ಮ ಚಿಕ್ಕಪ್ಪನ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಕೆಲಸವೂ ಇಲ್ಲ. ರಜೆಗೆ ಹೋಗಿದ್ದ ನನ್ನ ಕೈಗೆ ಚಿಕ್ಕಪ್ಪ ಒಂದು ಸಿಡಿ ಕೊಟ್ಟರು.

"ಇದು ನಮ್ಮ ಕಂಪ್ಯೂಟರಲ್ಲಿ ಓಡ್ತಿಲ್ಲ ಕಣೋ. ಏನೋ ಪ್ಲಗಿನ್ ಹಳೇದಾಗಿದೆಯಂತೆ. ಅಪ್‌ಡೇಟ್ ಮಾಡ್ಕೊಡು. ಐದು ನಿಮಿಷದ ಕೆಲಸ ಅಲ್ವಾ?"

ಆ ಐದು ನಿಮಿಷ ಬೆಳಿಗ್ಗೆ ಹತ್ತಕ್ಕೆ ಶುರುವಾಗಿ ರಾತ್ರಿ ಊಟದ ಹೊತ್ತಿಗೆ ಮುಗಿಯಿತು.

ಸಿಡಿ ತಂಗಿಯದು. ಅವಳಿಗೆ ಆಗ ಹತ್ತನೇ ಕ್ಲಾಸು. ಟ್ಯೂಷನ್ನಿನಲ್ಲಿ ವಿಜ್ಞಾನದ ಪಾಠಗಳನ್ನು ಚಲಿಸುವ ಚಿತ್ರಗಳಾಗಿ ಮಾಡಿ ಕೊಟ್ಟಿದ್ದರು. ಸಿಡಿ ಹಾಕಿದರೆ ಬ್ರೌಸರ್ ತೆರೆದುಕೊಳ್ಳುತ್ತದೆ, ಪಾಠಗಳ ಪಟ್ಟಿ ಬರುತ್ತದೆ, 'ಹೃದಯ' ಒತ್ತಿದರೆ ಹೃದಯ ಬಡಿಯಬೇಕು. ಬಡಿಯುತ್ತಿರಲಿಲ್ಲ. ಬೂದು ಬಣ್ಣದ ಒಂದು ಚೌಕ, ಅದರೊಳಗೆ ಫ್ಲ್ಯಾಶ್ ಪ್ಲೇಯರಿನ ಹೊಸ ಆವೃತ್ತಿ ಬೇಕು ಎಂಬ ಒಂದು ಸಾಲು. ಬ್ರೌಸರಿಗೆ ಅಂಟಿಕೊಂಡು ಇಂಥ ಚಿತ್ರಗಳನ್ನು ಓಡಿಸುವ ಪ್ಲಗಿನ್ ಅದು, ಅಡೋಬಿ ಕಂಪನಿಯದು.

ಕಂಪ್ಯೂಟರ್ ಬಗ್ಗೆ ಹೇಳಬೇಕು. ಪೆಂಟಿಯಮ್ 4, 512 ಎಂಬಿ ರ್‍ಯಾಮ್, ವಿಂಡೋಸ್ ಎಕ್ಸ್‌ಪಿ. 2001ರಲ್ಲಿ ಬಂದ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ಕ್ಕೇ ಕೈ ಮುಗಿದಿತ್ತು. "ಹೊಸದು ತಗೊಳ್ಳಿ ಚಿಕ್ಕಪ್ಪ" ಅಂತ ಎರಡು ಮೂರು ಸಲ ನಾನೂ ಹೇಳಿದ್ದೆ, ಸುಮ್ನೆ. ಅವರು ಜಿಪುಣರಲ್ಲ. ಪತ್ರಿಕೆಗಳೆಲ್ಲ ಪೇಜ್‌ಮೇಕರ್ 7 ಎಂಬ ಹಳೇ ಪುಟವಿನ್ಯಾಸದ ತಂತ್ರಾಂಶದಲ್ಲಿವೆ. ಅದಕ್ಕೆ ಯೂನಿಕೋಡ್, ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಬೇರೆಬೇರೆ ಸಂಖ್ಯೆ ಕೊಡುವ ಪದ್ಧತಿ, ಗೊತ್ತಿಲ್ಲ. ಕನ್ನಡ ಫಾಂಟ್ ಎಂದು ನಮಗೆ ಕಾಣುವುದು ಕಂಪ್ಯೂಟರಿನ ಮಟ್ಟಿಗೆ ಇಂಗ್ಲಿಷ್ ಅಕ್ಷರಗಳೇ, ಮೇಲೆ ಕನ್ನಡದ ವೇಷ ಅಷ್ಟೇ. ಫಾಂಟ್ ಇಲ್ಲದ ಕಡೆ ಆ ಫೈಲ್ ತೆರೆದರೆ 'ಶ್ರೀ ಗಣೇಶಾಯ ನಮಃ' ಹೋಗಿ ಯಾವುದೋ ಸೊಟ್ಟ ಗೆರೆಗಳು ಬರುತ್ತವೆ. ಆ ಫಾಂಟಿನ ತಂತ್ರಾಂಶಕ್ಕೆ ಬೀಗದ ಹಾಗೆ ಒಂದು ಡಾಂಗಲ್ ಇದೆ. ಅದನ್ನು ಚುಚ್ಚಬೇಕಾದ್ದು ಹಿಂದೆ ಪ್ರಿಂಟರ್ ಚುಚ್ಚುತ್ತಿದ್ದ ಹಳೆಯ ಪ್ಯಾರಲಲ್ ಪೋರ್ಟಿಗೆ. ಈಗಿನ ಕಂಪ್ಯೂಟರುಗಳಲ್ಲಿ ಆ ಪೋರ್ಟನ್ನು ಹುಡುಕಬೇಕು. ಹದಿನೈದು ವರ್ಷದ ಪತ್ರಿಕೆಗಳು ಅದರೊಳಗಿವೆ. ಅಕ್ಕನ ಮದುವೆಯ ಮ್ಯಾಟರನ್ನೇ ತೆಗೆದು, ಹೆಸರು ಬದಲಿಸಿ, ತಮ್ಮನದಕ್ಕೆ ಹಾಕುತ್ತಾರೆ. ಅಂಥ ಯಂತ್ರವನ್ನು ಯಾರು ಮುಟ್ಟುತ್ತಾರೆ?

ಹಾಗಾಗಿ ನನಗೆ ಮೊದಲೇ ಷರತ್ತು ಬಂತು. ಪೇಜ್‌ಮೇಕರಿಗೆ ಏನೂ ಆಗಕೂಡದು. ಪೆನ್‌ಡ್ರೈವನ್ನು ಡಬಲ್ ಕ್ಲಿಕ್ ಮಾಡಿ ತೆರೆಯಕೂಡದು. ಎರಡನೆಯದು ಅನುಭವದ ಮಾತು. ಗಿರಾಕಿಗಳ ಪೆನ್‌ಡ್ರೈವಿನಲ್ಲಿ ಫೋಲ್ಡರಿನ ವೇಷ ಹಾಕಿಕೊಂಡು ಬರುವ ವೈರಸ್ಸುಗಳಿಗೆ ಅವರು ಎರಡು ಸಲ ಬೆಲೆ ಕೊಟ್ಟಿದ್ದಾರೆ.

ಯಂತ್ರ ಆನ್ ಮಾಡಿದರೆ ಕಪ್ಪು ಪರದೆಯಲ್ಲಿ 'ಎಫ್1 ಒತ್ತಿ' ಅಂತ ಬಂತು. ಚಿಕ್ಕಪ್ಪ ನೋಡದೆಯೇ ಒತ್ತಿದರು, ದಿನಾ ಒತ್ತುತ್ತಾರಂತೆ. ವಿಂಡೋಸ್ ಬಂದ ಮೇಲೆ ಮೂಲೆಯ ಗಡಿಯಾರ ನೋಡಿದೆ. 2004, ಜನವರಿ 1.

"ಚಿಕ್ಕಪ್ಪ, ಇದರ ದಿನಾಂಕ..."

"ಪತ್ರಿಕೆಯಲ್ಲಿ ದಿನಾಂಕ ಸರಿ ಇದ್ರೆ ಸಾಕಪ್ಪ. ಇದರದ್ದು ಯಾರಿಗೆ ಬೇಕು?"

ನೆಟ್‌ಗೆ ಬೇಕು. ಎಚ್‌ಟಿಟಿಪಿಎಸ್ ತಾಣಗಳು ತಮ್ಮ ಗುರುತಿಗೆ ಒಂದು ಪ್ರಮಾಣಪತ್ರ ತೋರಿಸುತ್ತವೆ. ಅದಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ. 2004ರಲ್ಲಿ ಕೂತ ಕಂಪ್ಯೂಟರಿಗೆ 2018ರ ಪ್ರಮಾಣಪತ್ರ ಇನ್ನೂ ಹುಟ್ಟೇ ಇಲ್ಲ. ಕಂಪ್ಯೂಟರ್ ಆಫ್ ಆಗಿದ್ದಾಗಲೂ ಗಡಿಯಾರ ನಡೆಸುವ, ಮದರ್‌ಬೋರ್ಡಿನ ಬಿಲ್ಲೆಯಂಥ ಬ್ಯಾಟರಿ ಸತ್ತಿತ್ತು. ಸಿಆರ್2032. ಬಸ್ ಸ್ಟ್ಯಾಂಡ್ ಹತ್ತಿರದ ವಾಚ್ ರಿಪೇರಿ ಅಂಗಡಿಯಲ್ಲಿ ಸಿಕ್ಕಿತು. ಹಾಕಿ, ದಿನಾಂಕ ತಿದ್ದಿ, ನೆಟ್ ಕೇಬಲ್ ಚುಚ್ಚಿದೆ. ಕೇಬಲ್ ಯಾವಾಗಲೂ ಹೊರಗೇ ನೇತಾಡುತ್ತಿರುತ್ತದೆ. ಮೇಲ್‌ನಲ್ಲಿ ಮ್ಯಾಟರ್ ಬಂದಿದೆ ಅಂತ ಫೋನ್ ಬಂದರೆ ಮಾತ್ರ ಚುಚ್ಚುವುದು, ತೆಗೆದುಕೊಂಡು ಕಿತ್ತುಬಿಡುವುದು. ಆಗ ಅದು ನನಗೆ ತಮಾಷೆಯಾಗಿ ಕಂಡಿತ್ತು.

ಕೇಬಲ್ ಚುಚ್ಚಿದರೂ ಡೌನ್‌ಲೋಡ್ ಪುಟ ತೆರೆಯಲಿಲ್ಲ. ಅಲ್ಲಿದ್ದದ್ದು ಫೈರ್‌ಫಾಕ್ಸ್ 12. ಇಷ್ಟು ಹೊತ್ತಿಗೆ ತಾಣಗಳೆಲ್ಲ ಟಿಎಲ್‌ಎಸ್ 1.2 ಎಂಬ ಗುಪ್ತಭಾಷೆಗೆ ಬಂದಿದ್ದವು. ಫೈರ್‌ಫಾಕ್ಸ್ ಅದನ್ನು ತಾನಾಗಿ ಆಡಲು ಶುರುಮಾಡಿದ್ದು 2014ರ 27ನೇ ಆವೃತ್ತಿಯಿಂದ. ಅಂದರೆ ಪ್ಲಗಿನ್ ಹೊಸದಾಗಬೇಕಾದರೆ ಬ್ರೌಸರ್ ಹೊಸದಾಗಬೇಕು. ಬ್ರೌಸರನ್ನು ತರುವ ಪುಟವೂ ಈ ಬ್ರೌಸರಿನಲ್ಲಿ ತೆರೆಯುವುದಿಲ್ಲ. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅಂತಾರಲ್ಲ, ಹಾಗೆ.

ನನ್ನ ಲ್ಯಾಪ್‌ಟಾಪ್ ತೆಗೆದೆ, ಫೋನಿನಿಂದ ಹಾಟ್‌ಸ್ಪಾಟ್ ಕೊಟ್ಟೆ. ಎಲ್ಲಕ್ಕಿಂತ ಹೊಸ ಫೈರ್‌ಫಾಕ್ಸನ್ನೇ ಇಳಿಸಿ ಕೊಂಡೊಯ್ದರೆ, ನಿಮ್ಮ ವಿಂಡೋಸಿಗೆ ಇದು ಆಗಲ್ಲ ಅಂತ ಬಾಗಿಲಲ್ಲೇ ತಡೆಯಿತು. ಹುಡುಕಿದ ಮೇಲೆ ಗೊತ್ತಾಯಿತು. ಎಕ್ಸ್‌ಪಿಗೆ ಸಿಕ್ಕ ಕೊನೆಯ ಫೈರ್‌ಫಾಕ್ಸ್ 52.9, ಬಂದು ಆರು ತಿಂಗಳಾಗಿತ್ತು. ಅದು ಇನ್‌ಸ್ಟಾಲ್ ಆಗುವಷ್ಟರಲ್ಲಿ ಚಿಕ್ಕಮ್ಮ ಎರಡು ಸಲ ಊಟಕ್ಕೆ ಕರೆದಿದ್ದರು.

ಊಟ ಮುಗಿಸಿ ಫ್ಲ್ಯಾಶ್‌ಗೆ ಕೈ ಹಾಕಿದೆ. ಅಡೋಬಿಯವರ ಪುಟದಲ್ಲಿ 'ಬೇರೆ ಕಂಪ್ಯೂಟರಿಗೆ ಬೇಕೇ' ಎಂಬ ಜಾಗ ಇತ್ತು. ಎಕ್ಸ್‌ಪಿ ಆರಿಸಿ, ಮೊದಲು ಕಂಡದ್ದನ್ನೇ ಒತ್ತಿ ಇಳಿಸಿದೆ. ಜೊತೆಗೆ ಆಂಟಿವೈರಸ್ ಒಂದನ್ನು ತಲೆಗೆ ಕಟ್ಟುವ ಟಿಕ್ ತೆಗೆಯಲು ಮರೆಯಲಿಲ್ಲ, ಅಷ್ಟು ಬುದ್ಧಿ ಇತ್ತು. ಆದರೆ ಬಂದದ್ದು ಒಂದು ಚಿಕ್ಕ ಫೈಲ್. ಅದು ತಾನೇ ನೆಟ್‌ಗೆ ಹೋಗಿ ಉಳಿದದ್ದನ್ನು ತರುತ್ತದಂತೆ. ಹೋಯಿತು, ಪಟ್ಟಿ ಅರ್ಧಕ್ಕೆ ಬಂದು ನಿಂತಿತು, ಮತ್ತೆ ಕದಲಲಿಲ್ಲ. ಸರಿ, ಇಡೀ ಇನ್‌ಸ್ಟಾಲರನ್ನೇ ಹುಡುಕಿ ತಂದೆ. ಈ ಸಲ ಎಲ್ಲ ಸುಸೂತ್ರ. 'ಮುಗಿಯಿತು' ಅಂತಲೂ ಹೇಳಿತು. ಸಿಡಿ ಹಾಕಿದೆ. ಅದೇ ಬೂದು ಚೌಕ.

ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದೆ. ಬೂದು ಚೌಕ. ತಂಗಿ ಬಾಗಿಲ ಹತ್ತಿರ ನಿಂತು, "ಅಣ್ಣಾ, ಪರವಾಗಿಲ್ಲ ಬಿಡು, ಪುಸ್ತಕದಲ್ಲೇ ಚಿತ್ರ ಇದೆ" ಅಂದಳು. ಮರ್ಯಾದೆ ಪ್ರಶ್ನೆಯಾಯಿತು.

ತಪ್ಪು ನನ್ನದೇ. ಫ್ಲ್ಯಾಶ್ ಒಂದೇ ಅಂದುಕೊಂಡಿದ್ದೆ, ಇದ್ದದ್ದು ಮೂರು. ಇಂಟರ್ನೆಟ್ ಎಕ್ಸ್‌ಪ್ಲೋರರಿಗೆ ಆಕ್ಟಿವ್‌ಎಕ್ಸ್, ಫೈರ್‌ಫಾಕ್ಸಿಗೆ ಎನ್‌ಪಿಎಪಿಐ, ಕ್ರೋಮಿನ ಜಾತಿಯವಕ್ಕೆ ಪಿಪಿಎಪಿಐ. ನಾನು ಎರಡು ಸಲವೂ ತಂದದ್ದು ಎಕ್ಸ್‌ಪ್ಲೋರರಿನದು. ಆ ಕ್ಷಣವೇ ಸಿಡಿಯನ್ನು ಎಕ್ಸ್‌ಪ್ಲೋರರಿನಲ್ಲಿ ತೆರೆದಿದ್ದರೆ ಪ್ರಾಯಶಃ ಕೆಲಸ ಮುಗಿಯುತ್ತಿತ್ತು. ಇದು ಹೊಳೆದದ್ದು ವಾಪಸ್ ಹೋಗುವಾಗ, ತುಮಕೂರು ದಾಟಿದ ಮೇಲೆ.

ಮೂರನೆಯ ಸಲ ಎನ್‌ಪಿಎಪಿಐ ತಂದೆ. ಆವೃತ್ತಿ 32. ಕೊನೆಗೆ ಅದು ಒಂದು ಪ್ರಶ್ನೆ ಕೇಳಿತು: ಅಪ್‌ಡೇಟುಗಳನ್ನು ನಾನೇ ಹಾಕಿಕೊಳ್ಳಲೇ, ನಿಮ್ಮನ್ನು ಕೇಳಲೇ, ಬೇಡವೇ? ಹಾಕಿಕೋ ಅಂದೆ. ಇನ್ನೊಮ್ಮೆ ಇಡೀ ದಿನ ಇಲ್ಲಿ ಕೂರುವ ಶಕ್ತಿ ನನಗಿರಲಿಲ್ಲ.

ಎಂಟು ಗಂಟೆಯ ಹೊತ್ತಿಗೆ ಪರದೆಯ ಮೇಲೆ ಹೃದಯ ಬಡಿಯಿತು. ಒಂದು ಕಡೆ ನೀಲಿ ರಕ್ತ, ಇನ್ನೊಂದು ಕಡೆ ಕೆಂಪು. ಕವಾಟ ಮುಚ್ಚಿದಾಗಲೆಲ್ಲ ಸ್ಪೀಕರಿನಿಂದ 'ಲಬ್ ಡಬ್' ಅಂತ ಸದ್ದು. ತಂಗಿ ಕುರ್ಚಿ ಎಳೆದುಕೊಂಡಳು. ಚಿಕ್ಕಪ್ಪ ಮಾತ್ರ ಪೇಜ್‌ಮೇಕರ್ ತೆರೆದು, ಒಂದು ಹಳೇ ಪತ್ರಿಕೆಯ ಪ್ರಿಂಟನ್ನು ಟ್ರೇಸಿಂಗ್ ಪೇಪರಿನ ಮೇಲೆ ತೆಗೆದು, ದೀಪಕ್ಕೆ ಹಿಡಿದು ಒತ್ತಕ್ಷರಗಳನ್ನೆಲ್ಲ ನೋಡಿದ ಮೇಲೆಯೇ "ಪರವಾಗಿಲ್ಲ" ಅಂದದ್ದು. ಆಮೇಲೆ ನೆಟ್ ಕೇಬಲ್ ಕಿತ್ತರು.

2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಕತೆ ಮುಗಿಯಿತು. ಅಡೋಬಿಯವರು ಕೊನೆಕೊನೆಯ ಆವೃತ್ತಿಗಳೊಳಗೆ ದಿನಾಂಕದ ಲೆಕ್ಕ ಇಟ್ಟಿದ್ದರು. 2021ರ ಜನವರಿ 12ರಿಂದ ಅವು ಏನನ್ನೂ ತೋರಿಸುವುದಿಲ್ಲ. ಆ ಫೆಬ್ರವರಿಯಲ್ಲಿ ತಿಪಟೂರಿಗೆ ಹೋದಾಗ, ಪಾಪ ಆ ಸಿಡಿ ಇನ್ನು ಟೀ ಲೋಟದ ಕೆಳಗಿಡಲು ಸರಿ ಅಂದುಕೊಂಡೇ ಹೋದೆ.

ಪ್ರೆಸ್ಸಿನ ಒಳಗೆ ಪಕ್ಕದ ಮನೆಯ ಹುಡುಗ ಕುರ್ಚಿಯಲ್ಲಿ ಕೂತಿದ್ದ. ಪರದೆಯ ಮೇಲೆ ನೀಲಿ, ಕೆಂಪು, ಲಬ್ ಡಬ್.

ಪ್ಲಗಿನ್ ಪುಟ ತೆರೆದು ನೋಡಿದೆ. 2018ರಲ್ಲಿ ನಾನು ಹಾಕಿದ್ದೇ ಇತ್ತು. ಅದರೊಳಗೆ ಆ ದಿನಾಂಕದ ಲೆಕ್ಕ ಇನ್ನೂ ಸೇರಿರಲಿಲ್ಲ. ಅಪ್‌ಡೇಟ್ ಹಾಕಿಕೋ ಅಂತ ನಾನು ಹೇಳಿದ್ದೇನೋ ನಿಜ, ಆದರೆ ಎರಡು ವರ್ಷದಲ್ಲಿ ಅದು ಹೊರಗೆ ಹೋಗಿ ತರುವಷ್ಟು ಹೊತ್ತು ಕೇಬಲ್ ಒಳಗೆ ಇದ್ದೇ ಇರಲಿಲ್ಲ.

"ಬೇಗ ನೋಡ್ಕೊಳ್ಳೋ," ಚಿಕ್ಕಪ್ಪ ಆ ಹುಡುಗನಿಗೆ ಹೇಳುತ್ತಿದ್ದರು. "ಭಾನುವಾರದ ಲಗ್ನದ್ದು ಪ್ರೂಫ್ ತೆಗೀಬೇಕು."