ಬಕಾರದ ಊರಿನಲ್ಲಿ ಗೈಡ್ ಕೆಲಸ

ಉಗ್ಗು ಇರುವವನು ಯಾವ ಊರಿನಲ್ಲಾದರೂ ಗೈಡ್ ಆಗಬಹುದು, ಬೀದರಿನಲ್ಲಿ ಮಾತ್ರ ಆಗಬಾರದು ಎಂದು ನಾನು ಗೆಳೆಯರೊಡನೆ ತಮಾಷೆ ಮಾಡುವುದುಂಟು. ನನ್ನ ತುಟಿಗಳು ಬೆಸೆದುಕೊಳ್ಳುವುದು ಹೆಚ್ಚಾಗಿ ಬಕಾರದ ಮೇಲೆಯೇ. ಊರು ಬೀದರ, ಆಳಿದವರು ಮೊದಲು ಬಹಮನಿಗಳು, ಆಮೇಲೆ ಬರೀದ್ ಶಾಹಿಗಳು, ಪ್ರವಾಸಿಗರು ಕೊಂಡೊಯ್ಯುವುದು ಬಿದ್ರಿ ಹೂಜಿ, ಊಟ ಮುಗಿಸಿ ಅವರು ಹೊರಡುವುದು ಬಸವಕಲ್ಯಾಣಕ್ಕೆ. ಬೇರೆ ಮಾತುಗಳಾದರೆ ನುಣುಚಿಕೊಳ್ಳಲು ದಾರಿಯಿದೆ. 'ಬೆಳಿಗ್ಗೆ' ಸಿಕ್ಕಿಕೊಂಡರೆ 'ಮುಂಜಾನೆ' ಎನ್ನಬಹುದು. ಹೆಸರಿಗೆ ಆ ಅನುಕೂಲವಿಲ್ಲ. ಉಗ್ಗುವವರಲ್ಲಿ ಅನೇಕರು ತಮ್ಮ ಹೆಸರು ಹೇಳುವಾಗಲೇ ಹೆಚ್ಚು ಕಷ್ಟಪಡುವುದು ಇದಕ್ಕೇ.

ಹಾಗಿದ್ದೂ ಮೊದಲ ಕೆಲವು ವರ್ಷ ನಾನು ಹೆಸರುಗಳನ್ನು ತಪ್ಪಿಸಿಕೊಂಡೇ ಕೋಟೆ ತೋರಿಸಿದೆ. 'ಬಹಮನಿ' ಎನ್ನಬೇಕಾದಲ್ಲಿ 'ಆ ಸುಲ್ತಾನರು', 'ಬರೀದ್ ಶಾಹಿ' ಎನ್ನಬೇಕಾದಲ್ಲಿ 'ಮುಂದೆ ಬಂದ ಮನೆತನ'. ಕೇಳುವವರಿಗೆ ನನ್ನ ಉಗ್ಗು ತಿಳಿಯುತ್ತಿರಲಿಲ್ಲ, ಇತಿಹಾಸವೂ ತಿಳಿಯುತ್ತಿರಲಿಲ್ಲ. ರಂಗೀನ್ ಮಹಲಿನಲ್ಲಿ ಕರಿಕಲ್ಲಿನೊಳಗೆ ಮುತ್ತಿನ ಚಿಪ್ಪು ಕೂರಿಸಿದ ಕುಸುರಿಯನ್ನು ಕಂಡು ಇದು ಯಾರ ಕಾಲದ್ದೆಂದು ಯಾರಾದರೂ ಕೇಳಿದರೆ, ಅಲಿ ಬರೀದ್ ಎಂಬ ಚಿಕ್ಕ ಉತ್ತರವನ್ನು ಬಾಯಲ್ಲೇ ಇಟ್ಟುಕೊಂಡು, ಪಕ್ಕದ ಮರದ ಕಂಬಗಳ ಕೆತ್ತನೆಯ ಕಡೆಗೆ ಅವರನ್ನು ಕರೆದೊಯ್ಯುತ್ತಿದ್ದೆ. ಮುಂದಿನ ವಾಕ್ಯದಲ್ಲಿ ಯಾವ ಅಕ್ಷರ ಕಾದಿದೆಯೆಂದು ಹುಡುಕುತ್ತ ಈ ವಾಕ್ಯವನ್ನು ಆಡುವುದರಲ್ಲಿರುವ ದಣಿವು, ಏಪ್ರಿಲ್ ಬಿಸಿಲಿನಲ್ಲಿ ಕೋಟೆ ಸುತ್ತುವುದರಲ್ಲಿ ಇಲ್ಲ.

ಮನೆಯಲ್ಲಿ ಚಿಕಿತ್ಸೆಗೇನೂ ಕೊರತೆಯಿರಲಿಲ್ಲ. ಅಜ್ಜಿ ಬಜೆ ಬೇರನ್ನು ಜೇನಿನಲ್ಲಿ ತೇಯ್ದು ನಾಲಿಗೆಗೆ ಹಚ್ಚುತ್ತಿದ್ದಳು. ಉಳಿದವರು ಉಸಿರೆಳೆದುಕೊಂಡು ಹೇಳು ಎನ್ನುತ್ತಿದ್ದರು. ಉಗ್ಗುವ ಮಕ್ಕಳಲ್ಲಿ ಬಹುಪಾಲು ಮಂದಿಗೆ ಅದು ತಾನಾಗಿ ಹೋಗುತ್ತದೆ, ದೊಡ್ಡವರಲ್ಲಿ ಸುಮಾರು ನೂರಕ್ಕೆ ಒಬ್ಬರಲ್ಲಿ ಉಳಿಯುತ್ತದೆ, ಉಳಿದವರಲ್ಲಿ ಗಂಡಸರೇ ಹೆಚ್ಚು ಎಂಬುದೆಲ್ಲ ನನಗೆ ತಿಳಿದದ್ದು ಬಹಳ ತಡವಾಗಿ, ಕಲಬುರಗಿಯ ವಾಕ್ ಚಿಕಿತ್ಸಕಿಯೊಬ್ಬರಿಂದ. ಅವರು ನನಗೆ ಉಗ್ಗದಿರುವುದನ್ನು ಕಲಿಸಲಿಲ್ಲ. ಉಗ್ಗುವ ರೀತಿಯನ್ನು ಕಲಿಸಿದರು. ಈ ಪದ್ಧತಿಯನ್ನು ರೂಪಿಸಿದವರು ಅಮೆರಿಕದ ಚಾರ್ಲ್ಸ್ ವ್ಯಾನ್ ರೈಪರ್, ಸ್ವತಃ ಉಗ್ಗುತ್ತಿದ್ದ ವಾಕ್ ತಜ್ಞರು. ಮಾತು ಸಿಕ್ಕಿಕೊಂಡಾಗ ಬಲ ಹಾಕಿ ನೂಕಬಾರದು. ಸಿಕ್ಕಿಕೊಂಡ ಜಾಗದಲ್ಲಿಯೇ ಒಂದು ಗಳಿಗೆ ನಿಂತು, ತುಟಿಯ ಬಿಗಿಯನ್ನು ಬೇಕೆಂದೇ ಸಡಿಲಿಸಿ, ಅದೇ ಪದವನ್ನು ಎಳೆದು ಹೊರಗೆ ತರಬೇಕು. ಹೇಳಲು ಸುಲಭ. ಎದುರಿಗೆ ನಿಂತವರ ಕಣ್ಣು ನಮ್ಮ ಬಾಯಿಯ ಮೇಲಿರುವಾಗ, ಒಂದು ಗಳಿಗೆ ನಿಲ್ಲುವುದೇ ಎಲ್ಲಕ್ಕಿಂತ ಕಷ್ಟದ ಭಾಗ.

ಅದನ್ನು ಗುಂಪಿನೆದುರು ಪೂರ್ತಿಯಾಗಿ ಪ್ರಯೋಗಿಸಿದ್ದು ಯಾದಗಿರಿಯ ಪದವಿ ಕಾಲೇಜಿನ ವಿದ್ಯಾರ್ಥಿಗಳು ಬಂದ ಒಂದು ಡಿಸೆಂಬರ್ ದಿನ. ಹಿಂದಿನ ಸಂಜೆ ಅವರ ಉಪನ್ಯಾಸಕಿ ಫೋನ್ ಮಾಡಿದ್ದರು. ಫೋನಿನಲ್ಲಿ ಮುಖ ಕಾಣುವುದಿಲ್ಲವಾದ್ದರಿಂದ ನನ್ನ ತಡೆ ಆ ಬದಿಗೆ ಬರೀ ನಿಶ್ಶಬ್ದವಾಗಿ ಕೇಳಿಸುತ್ತದೆ. "ಹಲೋ, ಹಲೋ, ಕೇಳಸವಲ್ದ್ರಿ ಸರ" ಎಂದು ಅವರು ಎರಡು ಸಲ ಕರೆ ಕತ್ತರಿಸಿದರು. ಮೂರನೆಯ ಸಲ ನಾನೇ ಮಾಡಿ, ಸಿಗ್ನಲ್ ಸರಿಯಾಗಿದೆ, ನನಗೆ ಉಗ್ಗು ಇದೆ ಎಂದೆ. ಅವರು ಸ್ವಲ್ಪ ಸುಮ್ಮನಿದ್ದು, "ಹಂಗಿದ್ರ ಸಾವಕಾಶ ಹೇಳ್ರಿ" ಎಂದರು. ಸಾವಕಾಶ ಹೇಳಿದ ಮಾತ್ರಕ್ಕೆ ನನ್ನ ಉಗ್ಗು ಹೋಗುವುದಿಲ್ಲ, ಆದರೆ ಅವರ ದನಿಯಲ್ಲಿ ಅವಸರವಿರಲಿಲ್ಲ. ನನಗೆ ಅಷ್ಟು ಸಾಕಾಗಿತ್ತು.

ಮರುದಿನ ಗುಂಬದ್ ದರ್ವಾಜದ ಬಳಿ, ಕೋಟೆಯ ಮಾತಿಗೆ ಮೊದಲು ನನ್ನ ಮಾತಿನ ಮಾತು ಹೇಳಿದೆ. ಕೆಲವು ಹೆಸರುಗಳು ತಡವಾಗಿ ಬರುತ್ತವೆ, ದಯವಿಟ್ಟು ನೀವು ಪೂರ್ಣಗೊಳಿಸಬೇಡಿ, ನಗು ಬಂದರೆ ನಕ್ಕುಬಿಡಿ ಎಂದೆ. ಹಿಂದೆ ನಿಂತಿದ್ದ ಒಂದಿಬ್ಬರು ಹುಡುಗರು 'ಹಕ್ಲಾ' ಎಂದು ಪಿಸುಗುಟ್ಟಿದ್ದು ಕೇಳಿಸಿತು. ನಮ್ಮ ಕಡೆ ಆ ಪದವನ್ನು ಕೇಳದೆ ಬೆಳೆದ ಉಗ್ಗುವವನು ಇರಲಾರ. ಅಹ್ಮದ್ ಷಾ ಕಾಲದಲ್ಲಿ ರಾಜಧಾನಿ ಕಲಬುರಗಿಯಿಂದ ಇಲ್ಲಿಗೆ ಬಂತೆಂದು ವಿವರಿಸುವಾಗ 'ಬಹಮನಿ' ಸಿಕ್ಕಿಕೊಂಡಿತು. ನಿಂತೆ, ತುಟಿ ಸಡಿಲಿಸಿದೆ, ಎಳೆದೆ, ಬಂತು. ಸೋಲಾ ಖಂಬಾ ಮಸೀದಿಗೆ ಹೋಗುವಷ್ಟರಲ್ಲಿ ವಿದ್ಯಾರ್ಥಿಗಳು ನನ್ನ ಬಾಯಿ ನೋಡುವುದನ್ನು ಬಿಟ್ಟು ಕಂಬ ಎಣಿಸತೊಡಗಿದ್ದರು.

ಮದರಸಾಕ್ಕೆ ಹೋಗುವಾಗ ಬಸ್ಸಿನಲ್ಲಿ ಅವರು ಒಟ್ಟಾಗಿ ವಚನ ಹೇಳುತ್ತಿದ್ದರು. ನಾನೂ ದನಿಗೂಡಿಸಿದೆ, ಒಂದು ಅಕ್ಷರವೂ ಎಡವಲಿಲ್ಲ. "ಈಗ ಹೆಂಗ ಬಂತ್ರಿ ಸರ?" ಎಂದು ಒಬ್ಬಳು ನೇರವಾಗಿ ಕೇಳಿದಳು. ಹಾಡುವಾಗಲೂ ನಾಲ್ಕು ಜನರೊಡನೆ ಒಟ್ಟಿಗೆ ಓದುವಾಗಲೂ ಉಗ್ಗುವವರ ಮಾತು ಬಹುತೇಕ ಸರಾಗವಾಗುತ್ತದೆ. ಮಾತಿನ ಲಯವನ್ನು ಮಿದುಳು ಒಂಟಿಯಾಗಿ ಹೊಂದಿಸಿಕೊಳ್ಳಬೇಕಾದ ಕೆಲಸಕ್ಕೆ ಆಗ ಹೊರಗಿನ ಆಸರೆ ಸಿಗುತ್ತದೆ ಎಂದು ತಜ್ಞರು ವಿವರಿಸುತ್ತಾರೆ. ಹಾಗಾದರೆ ಇಡೀ ಕೋಟೆಯನ್ನು ಹಾಡಿಯೇ ತೋರಿಸಿರಿ ಎಂದಳು ಆಕೆ. ಗಂಟಲು ಅಷ್ಟು ಚೆನ್ನಾಗಿದ್ದರೆ ನಾನು ಬೇರೆ ಕೆಲಸ ಮಾಡುತ್ತಿದ್ದೆ.

1472ರಲ್ಲಿ ಕಟ್ಟಿದ ಮದರಸಾದ ಉಳಿದ ಮಿನಾರಿನ ಕೆಳಗೆ, ಅದನ್ನು ಕಟ್ಟಿಸಿದ ಬಹಮನಿ ಪ್ರಧಾನಿ ಮಹಮೂದ್ ಗವಾನನ ಕೊನೆಯನ್ನು ಹೇಳುವುದು ನನ್ನ ರೂಢಿ. ಗವಾನನ ಮುದ್ರೆಯಿದ್ದ ಖೊಟ್ಟಿ ಪತ್ರವನ್ನು ವಿರೋಧಿಗಳು ಸುಲ್ತಾನನ ಮುಂದಿಟ್ಟರು. 1481ರಲ್ಲಿ, ವಿಚಾರಣೆಯೂ ಇಲ್ಲದೆ, ಮೂರನೆಯ ಮುಹಮ್ಮದ್ ಷಾ ಅವನನ್ನು ಎಂದು ಹೇಳಿ, ಮುಂದಿನ ಪದದ ಮೊದಲ ಕಕಾರದಲ್ಲಿ ನಾನು ನಿಂತುಬಿಟ್ಟೆ. ಬಹಳ ಹೊತ್ತು. ಒಬ್ಬ ಹುಡುಗ ತಡೆಯಲಾರದೆ "ಕ್ಷಮಿಸಿದ" ಎಂದ. ಹೀಗೆ ಇನ್ನೊಬ್ಬರು ಪದ ತುಂಬಿಕೊಟ್ಟಾಗ ನಮ್ಮ ಕೆಲಸ ಇಮ್ಮಡಿಯಾಗುತ್ತದೆ: ಅವರ ಪದವನ್ನು ಅಳಿಸಬೇಕು, ನಮ್ಮದನ್ನು ಮತ್ತೆ ಮೊದಲಿನಿಂದ ಹೊರಡಿಸಬೇಕು. 'ಕೊಲ್ಲಿಸಿದ' ಎಂದು ಕೊನೆಗೆ ಬಂದಾಗ ಗುಂಪು ನಿಶ್ಚಲವಾಗಿತ್ತು. ಕಥೆಗೆ ಬಿಗುವು ಬರಲೆಂದು ನಾನು ಬೇಕೆಂದೇ ನಿಲ್ಲಿಸಿದೆನೆಂದು ಉಪನ್ಯಾಸಕಿ ತಿಳಿದುಕೊಂಡು ಹೊಗಳಿದರು. ನಾನು ತಿದ್ದಲಿಲ್ಲ.

ಎಲ್ಲರೂ ಅವರ ಹಾಗಿರುವುದಿಲ್ಲ. ಮೊದಲು ನನಗೆ ಗಿರಾಕಿಗಳನ್ನು ಕಳಿಸುತ್ತಿದ್ದ ಹೋಟೆಲೊಂದರ ವ್ಯವಸ್ಥಾಪಕರು, ನಾನು ಉಗ್ಗನ್ನು ಮುಚ್ಚಿಡುವುದನ್ನು ಬಿಟ್ಟ ಮೇಲೆ, "ನಿಮಗ ಬರಿಯೋ ಕೆಲಸ ಛಲೋ ಹೊಂದತದ್ರಿ" ಎಂದು ನಯವಾಗಿ ಹೇಳಿ ಕಳಿಸುವುದನ್ನು ನಿಲ್ಲಿಸಿದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ವಾಕ್ ಮತ್ತು ಭಾಷಾ ವೈಕಲ್ಯವೆಂಬುದು ಇದೆಯಾದರೂ, ಅಲ್ಲಿ ಉದಾಹರಣೆಯಾಗಿ ಹೆಸರಿಸಿರುವುದು ಧ್ವನಿಪೆಟ್ಟಿಗೆ ತೆಗೆದವರನ್ನೂ ಮಿದುಳಿನ ಪೆಟ್ಟಿನಿಂದ ಮಾತು ಕಳೆದುಕೊಂಡವರನ್ನೂ, ಉಗ್ಗಿನ ಹೆಸರಿಲ್ಲ. ಹೋಟೆಲಿನವರು ತಪ್ಪಿಸಿದ ಆದಾಯವನ್ನು ತುಂಬಿಕೊಳ್ಳಲು ನಾನೀಗ ಯಾದಗಿರಿ, ಕಲಬುರಗಿಯ ಕಾಲೇಜುಗಳಿಗೆ ನೇರವಾಗಿ ಪತ್ರ ಬರೆಯುತ್ತೇನೆ. ದರ, ಸಮಯ, ತೋರಿಸುವ ಸ್ಥಳಗಳ ಜೊತೆಗೆ ಉಗ್ಗಿನ ವಿಷಯವನ್ನೂ ಅದರಲ್ಲಿ ಬರೆದಿರುತ್ತೇನೆ. ಫೋನ್ ಮಾಡುವವರು ಅದನ್ನು ಓದಿಯೇ ಮಾಡುತ್ತಾರೆ.