ಅಲಿಬಾಗ್‌ಗೆ ಶನಿವಾರ ಹೋಗಬೇಡಿ: ಮುಂಬೈ-ಕೊಂಕಣದ ಯಹೂದಿ ಹಬ್ಬ ನೋಡುವವರಿಗೆ

ಯಹೂದಿಗಳ ಪ್ರಾರ್ಥನಾ ಮಂದಿರ, ಅಂದರೆ ಸಿನಗಾಗ್, ಅಂದರೆ ನಮ್ಮ ಕಡೆಯವರಿಗೆ ತಕ್ಷಣ ನೆನಪಾಗುವುದು ಕೊಚ್ಚಿಯ ಮಟ್ಟಾಂಚೇರಿ. 1568ರಲ್ಲಿ ಕಟ್ಟಿದ್ದು, ನೆಲಕ್ಕೆ ಹಾಕಿದ ಚೀನಾ ಟೈಲ್ಸ್ ಚೆನ್ನಾಗಿವೆ, ಎಲ್ಲ ಸರಿ. ಆದರೆ ಅಲ್ಲಿ ಈಗ ಹಬ್ಬ ಮಾಡುವಷ್ಟು ಜನ ಉಳಿದಿಲ್ಲ. ಟಿಕೆಟ್ ತಗೊಂಡು ನೋಡಿ ಬರುವ ಜಾಗ ಅದು. ಹಬ್ಬ ನಡೆಯುವ, ಮಕ್ಕಳು ಓಡಾಡುವ, ಹಿರಿಯರು ಜಗಳವಾಡುವ ಸಿನಗಾಗ್ ನೋಡಬೇಕು ಅಂದರೆ ಮುಂಬೈ, ಠಾಣೆ, ಅಲಿಬಾಗ್ ಕಡೆ ಹೋಗಬೇಕು. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಅವರಿಗೆ ಹಬ್ಬದ ಮೇಲೆ ಹಬ್ಬ. 2025ರ ಅಕ್ಟೋಬರ್‌ನಲ್ಲಿ ನಾನು ಹೋಗಿ ಬಂದೆ. ಈ ವರ್ಷ ಹೋಗುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಬಸ್ಸಿನ ವಿಷಯ, ಯಾಕೆಂದರೆ ಆ ಸಿಟ್ಟು ಇನ್ನೂ ಇಳಿದಿಲ್ಲ. ಹುಬ್ಬಳ್ಳಿಯಿಂದ ಮುಂಬೈಗೆ ಒಂದು ಖಾಸಗಿ ಸ್ಲೀಪರ್ ಬುಕ್ ಮಾಡಿದ್ದೆ. ದೀಪಾವಳಿ ಹತ್ತಿರ ಬಂದಿತ್ತಲ್ಲ, ಬಸ್ಸಿನ ಹೊಟ್ಟೆ ತುಂಬ ಪಾರ್ಸೆಲ್. ಬೆಳಗಾವಿಯಲ್ಲಿ ಮೂಟೆ ಹತ್ತಿಸಿದರು, ಕೊಲ್ಹಾಪುರದಲ್ಲಿ ಇಳಿಸಿದರು, ಮತ್ತೆ ಬೇರೆ ಹತ್ತಿಸಿದರು. ನನ್ನದು ಮೇಲಿನ ಬರ್ತು. ಎಸಿ ತೂತಿನಿಂದ ದಿಂಬಿನ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಕ್ಲೀನರ್ ಹುಡುಗನಿಗೆ ಹೇಳಿದರೆ ಅವನು ಬಂದು ಒಂದು ಹಳೇ ಪೇಪರನ್ನು ಉಂಡೆ ಮಾಡಿ ತೂತಿಗೆ ತುರುಕಿ, 'ಆಯ್ತಲ್ಲ ಸರ್' ಅಂತ ಹೋದ. ಒಂದು ಗಂಟೆಯಲ್ಲಿ ಪೇಪರ್ ನೆನೆದು ಉಂಡೆ ಸಮೇತ ಮುಖದ ಮೇಲೆ ಬಿತ್ತು. ಟಿಕೆಟ್‌ನಲ್ಲಿ ದಾದರ್ ಅಂತ ಇದ್ದರೂ ವಾಶಿಯಲ್ಲೇ ಎಲ್ಲರನ್ನೂ ಇಳಿಸಿ 'ಮುಂದೆ ಎಂಟ್ರಿ ಇಲ್ಲ' ಅಂದರು. ಟ್ಯಾಕ್ಸಿಯವರು ಅಲ್ಲೇ ಕಾಯುತ್ತಿದ್ದರು, ಅವರಿಗೂ ಇವರಿಗೂ ಏನೋ ಹೊಂದಾಣಿಕೆ ಇರಬೇಕು ಅನ್ನಿಸಿತು. ರೈಲು ಸಿಕ್ಕರೆ ರೈಲಿಗೇ ಹೋಗಿ. ವೇಟಿಂಗ್ ಲಿಸ್ಟ್ ಇದ್ದರೆ ದಿನ ಬದಲಿಸಿ, ಬಸ್ ಬೇಡ.

ಇನ್ನು ತಾರೀಖು. ಇದನ್ನು ಸ್ವಲ್ಪ ಗಮನ ಇಟ್ಟು ಓದಿ. ಹೊಸ ವರ್ಷ ರೋಷ್ ಹಶಾನಾ, ಹತ್ತನೇ ದಿನ ಯೋಮ್ ಕಿಪ್ಪೂರ್ ಉಪವಾಸ, ಅದಾಗಿ ಐದು ದಿನಕ್ಕೆ ಹುಣ್ಣಿಮೆಯಿಂದ ಚಪ್ಪರದ ಹಬ್ಬ ಸುಕ್ಕೋತ್, ಕೊನೆಗೆ ಸಿಮ್ಹತ್ ತೋರಾ. ಯೋಮ್ ಕಿಪ್ಪೂರ್ ದಿನ ಸುಮ್ನೆ ನೋಡೋಣ ಅಂತ ಹೋಗಬೇಡಿ. ಇಪ್ಪತ್ತೈದು ಗಂಟೆ ನೀರೂ ಕುಡಿಯದೆ ಪ್ರಾರ್ಥನೆಯಲ್ಲಿ ಇರುವವರ ಮಧ್ಯೆ ಕ್ಯಾಮೆರಾ ಹಿಡಿದು ನಿಲ್ಲುವುದು ಸರಿಯಲ್ಲ. ಕೊಂಕಣದ ಬೆನೆ ಇಸ್ರೇಲ್ ಯಹೂದಿಗಳಲ್ಲಿ ಹಿಂದೆ ಆ ದಿನ ಮನೆ ಬಾಗಿಲನ್ನೇ ಹಾಕಿಕೊಂಡು ಕೂರುತ್ತಿದ್ದರಂತೆ. ಪ್ರವಾಸಿಗರಿಗೆ ಸರಿಯಾದದ್ದು ಸುಕ್ಕೋತ್‌ನ ನಡುವಿನ ದಿನಗಳು. ಮೊದಲ ಎರಡು ದಿನ ಪೂರ್ತಿ ಹಬ್ಬ, ಕೆಲಸ ಮಾಡುವಂತಿಲ್ಲ, ಫೋಟೋ ಇಲ್ಲ, ದುಡ್ಡು ಮುಟ್ಟುವಂತಿಲ್ಲ. ನಡುವಿನ ದಿನಗಳಲ್ಲಿ ಅಷ್ಟು ಬಿಗಿ ಇಲ್ಲ. ಜನರಿಗೆ ಮಾತಾಡಲು ಪುರುಸೊತ್ತೂ ಇರುತ್ತದೆ.

2026ರಲ್ಲಿ ಸುಕ್ಕೋತ್ ಶುರುವಾಗುವುದು ಸೆಪ್ಟೆಂಬರ್ 25ರ ಶುಕ್ರವಾರ ಸಂಜೆ. ಅವತ್ತೇ ಅನಂತ ಚತುರ್ದಶಿ. ಮುಂಬೈಯಲ್ಲಿ ಗಣಪತಿ ವಿಸರ್ಜನೆಯ ದಿನ ರಸ್ತೆಗಳ ಗತಿ ಏನಾಗುತ್ತದೆ ಅಂತ ನಾನು ಹೇಳಬೇಕಿಲ್ಲ. ಗಿರಗಾಂವ್ ಕಡೆ ನಡೆಯಲೂ ಜಾಗ ಇರಲ್ಲ. ಅಕ್ಟೋಬರ್ 2 ಶುಕ್ರವಾರ, ಗಾಂಧಿ ಜಯಂತಿ, ಮೂರು ದಿನದ ರಜೆ ಸಿಕ್ಕಿತು ಅಂತ ಅರ್ಧ ಮುಂಬೈ ಅಲಿಬಾಗ್‌ನಲ್ಲೇ ಇರುತ್ತದೆ. ಆದ್ದರಿಂದ ಸೆಪ್ಟೆಂಬರ್ 28ರ ಸೋಮವಾರದಿಂದ ಅಕ್ಟೋಬರ್ 1ರ ಗುರುವಾರದೊಳಗೆ ಮುಗಿಸಿಕೊಳ್ಳಿ. ನನಗೆ ಗದ್ದಲ ಅಂದರೆ ತಲೆನೋವು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ನಿಮಗೆ ಜಾತ್ರೆ ಇಷ್ಟ ಅಂದರೆ 25ಕ್ಕೇ ಹೋಗಿ, ಎರಡೂ ಹಬ್ಬ ಸಿಗುತ್ತವೆ.

ಸುಮ್ನೆ ಬಾಗಿಲಿಗೆ ಹೋಗಿ ನಿಂತರೆ ಒಳಗೆ ಬಿಡುವುದಿಲ್ಲ. 2008ರ ನವೆಂಬರ್‌ನಲ್ಲಿ ಕೊಲಾಬಾದ ಯಹೂದಿ ಕೇಂದ್ರ ನರಿಮನ್ ಹೌಸ್‌ನಲ್ಲಿ ಉಗ್ರರು ಮಾಡಿದ ಹತ್ಯೆಯ ನಂತರ ಎಲ್ಲ ಕಡೆ ಪೊಲೀಸ್ ಕಾವಲು. ಆಧಾರ್ ಕಾರ್ಡ್ ಕೈಯಲ್ಲೇ ಇರಲಿ, ಬ್ಯಾಗ್ ಸಣ್ಣದಿರಲಿ, ಮೊದಲೇ ಫೋನ್ ಮಾಡಿ ಕೇಳಿ. ಗಂಡಸರು ತಲೆ ಮುಚ್ಚಬೇಕು, ಟೋಪಿ ಇಲ್ಲದಿದ್ದರೆ ಕರ್ಚೀಫ್ ನಡೆಯುತ್ತದೆ. ನನ್ನ ಭಾವ ಠಾಣೆಯಲ್ಲಿದ್ದಾರೆ, ಅವರ ಆಫೀಸಿನಲ್ಲಿ ಬೆನೆ ಇಸ್ರೇಲ್ ಗೆಳೆಯರೊಬ್ಬರಿದ್ದರು. ಅದರಿಂದ ನನಗೆ ಸುಲಭವಾಯಿತು.

ಕಾಲಾ ಘೋಡಾ ಹತ್ತಿರದ ಕೆನೆಸೆತ್ ಎಲಿಯಾಹೂ ಸಿನಗಾಗ್ ಬಗ್ಗೆ ಹೆಚ್ಚು ಬರೆಯಲ್ಲ. 1884ರಲ್ಲಿ ಬಾಗ್ದಾದಿ ಯಹೂದಿಗಳಾದ ಸಸೂನ್ ಮನೆತನದವರು ಕಟ್ಟಿದ್ದು, 2019ರಲ್ಲಿ ದುರಸ್ತಿ ಮುಗಿಯಿತು, ಬಣ್ಣದ ಗಾಜು ನೋಡಲು ಎಲ್ಲರೂ ಹೋಗುತ್ತಾರೆ. ನಾನು ಹೇಳುವುದು, ಅಲ್ಲಿಗೆ ಅರ್ಧ ಗಂಟೆ ಸಾಕು, ಉಳಿದ ಸಮಯ ಮಸ್ಜಿದ್ ಸ್ಟೇಷನ್ ಕಡೆ ಕೊಡಿ. ಸಿಎಸ್‌ಎಂಟಿಯಿಂದ ಲೋಕಲ್‌ನಲ್ಲಿ ಒಂದೇ ಸ್ಟೇಷನ್. ಒಣಹಣ್ಣಿನ ಸಗಟು ಅಂಗಡಿಗಳು, ಕೈಗಾಡಿಗಳು, ತಲೆ ಮೇಲೆ ಮೂಟೆ ಹೊತ್ತು 'ಬಾಜೂ ಬಾಜೂ' ಅಂತ ಬರುವ ಹಮಾಲರು. ಇವುಗಳ ನಡುವೆ ಸ್ಯಾಮ್ಯುಯೆಲ್ ಸ್ಟ್ರೀಟ್, ಅದರಲ್ಲಿ ಶಾರ್ ಹರಹಮೀಮ್. ಮುಂಬೈಯ ಮೊದಲ ಸಿನಗಾಗ್, 1796ರದ್ದು, ಈಗಿನ ಜಾಗಕ್ಕೆ ಬಂದದ್ದು 1860ರಲ್ಲಿ. ಕಟ್ಟಿಸಿದವರು ಸ್ಯಾಮ್ಯುಯೆಲ್ ದಿವೇಕರ್, ಕಂಪನಿಯ ಸೈನ್ಯದಲ್ಲಿದ್ದವರು. ಎರಡನೇ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆ ಸಿಕ್ಕರು. ಇವರು ಬೆನೆ ಇಸ್ರೇಲ್ ಅಂತ ಗೊತ್ತಾದಾಗ ಟಿಪ್ಪುವಿನ ತಾಯಿ, ಕುರಾನಿನಲ್ಲಿ ಬರುವ ಜನ ಇವರು, ಕೊಲ್ಲಬೇಡ ಅಂದರಂತೆ. ಬದುಕಿ ಊರಿಗೆ ಮರಳಿದರೆ ದೇವರಿಗೆ ಒಂದು ಮನೆ ಕಟ್ಟಿಸುತ್ತೇನೆ ಅಂತ ಹರಕೆ ಹೊತ್ತಿದ್ದರು, ಕಟ್ಟಿಸಿದರು. ತಾಯಿಯ ಮಾತು ದಂತಕಥೆ ಇರಬಹುದು, ಆದರೆ ಸಮುದಾಯದಲ್ಲಿ ಎಲ್ಲರ ಬಾಯಲ್ಲೂ ಇದೆ. ನಾನು ಕರ್ನಾಟಕದವನು ಅಂದ ಕೂಡಲೇ ಅಲ್ಲಿದ್ದ ಕಾಕಾ ಒಬ್ಬರು 'ಹಾಗಾದರೆ ನಮ್ಮನ್ನು ಹಿಡಿದಿಟ್ಟುಕೊಂಡವರ ಕಡೆಯವರು ನೀವು' ಅಂತ ನಕ್ಕು ಚಹಾ ತರಿಸಿದರು.

ಅಲಿಬಾಗ್‌ಗೆ ಗೇಟ್‌ವೇಯಿಂದ ಮಾಂಡ್ವಾ ದೋಣಿ ಹಿಡಿಯಿರಿ. ಕೆಲವು ದೋಣಿ ಕಂಪನಿಗಳ ಟಿಕೆಟ್‌ನಲ್ಲೇ ಮಾಂಡ್ವಾದಿಂದ ಅಲಿಬಾಗ್‌ವರೆಗಿನ ಬಸ್ಸೂ ಸೇರಿರುತ್ತದೆ, ಕೇಳಿ ತಗೊಳ್ಳಿ, ಇಲ್ಲದಿದ್ದರೆ ಆಟೋದವರಿಗೆ ಹಬ್ಬ. ಪನ್ವೇಲ್-ಪೇಣ್ ರಸ್ತೆಯಲ್ಲಿ ಹೋದರೆ ವಡಖಳ ನಾಕಾದಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ.

ಬೆನೆ ಇಸ್ರೇಲ್ ಜನ ತಮ್ಮ ಪೂರ್ವಿಕರು ಹಡಗು ಒಡೆದು ಹತ್ತಿರದ ನವಗಾಂವ್ ದಡಕ್ಕೆ ಬಂದವರು ಅನ್ನುತ್ತಾರೆ, ಏಳು ಗಂಡಸರು ಏಳು ಹೆಂಗಸರು ಉಳಿದರಂತೆ. ಈ ಕಡೆ ಗಾಣ ನಡೆಸುತ್ತಿದ್ದರು, ಶನಿವಾರ ಗಾಣ ಕಟ್ಟುತ್ತಿರಲಿಲ್ಲ, ಅದಕ್ಕೆ ಊರವರು ಇಟ್ಟ ಹೆಸರು ಶನಿವಾರ ತೇಲಿ, ತೇಲಿ ಅಂದರೆ ಗಾಣಿಗ. ಮಾತು ಮರಾಠಿ. ಅಡ್ಡಹೆಸರೆಲ್ಲ ಊರಿನ ಮೇಲೆ: ಪೇಣ್‌ಕರ್, ರೋಹೆಕರ್, ನವಗಾಂವ್‌ಕರ್. 1948ರ ನಂತರ ಬಹಳ ಜನ ಇಸ್ರೇಲ್‌ಗೆ ಹೋದರು. ಅಲಿಬಾಗ್‌ನ ಇಸ್ರೇಲ್ ಆಳಿ ಅನ್ನುವ ಓಣಿಯಲ್ಲಿ ಈಗ ಕೆಲವೇ ಮನೆ, ಆದರೂ ಮಾಗೆನ್ ಅಬೋತ್ ಸಿನಗಾಗ್ ಚೊಕ್ಕಟವಾಗಿದೆ.

ನಾವು ಹೋದಾಗ ಅಂಗಳದಲ್ಲಿ ಸುಕ್ಕಾ ಎದ್ದಿತ್ತು. ನಮ್ಮ ಮದುವೆ ಚಪ್ಪರದ ಹಾಗೇ, ಬಿದಿರಿನ ಗಳ, ಮೇಲೆ ತೆಂಗಿನ ಗರಿ. ಗರಿ ದಟ್ಟ ಹಾಕುವಂತಿಲ್ಲ, ರಾತ್ರಿ ನಕ್ಷತ್ರ ಕಾಣಬೇಕು. ಒಳಗೆ ದಾರಕ್ಕೆ ಕಟ್ಟಿ ಸೇಬು, ಮೋಸಂಬಿ, ದಾಳಿಂಬೆ ಇಳಿಬಿಟ್ಟಿದ್ದರು. ಒಬ್ಬ ಹುಡುಗ ಏಣಿ ಹತ್ತಿ ಇನ್ನೂ ಕಟ್ಟುತ್ತಿದ್ದ, ಕೆಳಗಿನಿಂದ ಅವನ ಅಜ್ಜಿ 'ಅದು ತಲೆಗೆ ತಾಗುತ್ತೆ, ಮೇಲೆ ಕಟ್ಟು' ಅಂತ ಮರಾಠಿಯಲ್ಲಿ ಬೈಯುತ್ತಿದ್ದರು. ಆಮೇಲೆ ಹಿರಿಯರೊಬ್ಬರು ಒಂದು ಡಬ್ಬಿ ತೆಗೆದು ತೋರಿಸಿದರು. ಹತ್ತಿಯ ಮೇಲೆ ಒಂದು ಮಾದಲ ಹಣ್ಣು. ಅದನ್ನು ಖರ್ಜೂರದ ಸುಳಿ, ಇನ್ನೆರಡು ಜಾತಿಯ ಸೊಪ್ಪಿನ ಕಡ್ಡಿ ಜೊತೆ ಹಿಡಿದು ಪ್ರಾರ್ಥನೆ ಮಾಡುತ್ತಾರೆ. ಹಣ್ಣಿನ ತುದಿಯಲ್ಲಿ ಒಂದು ಸಣ್ಣ ಮೊಗ್ಗಿನಂಥದ್ದು ಇರುತ್ತದೆ, ಅದು ಮುರಿದರೆ ಹಣ್ಣು ಪೂಜೆಗೆ ಬರಲ್ಲ. ನನ್ನ ಕೈಗೆ ಕೊಡುತ್ತಾರೇನೋ ಅಂತ ಕೈ ಚಾಚಿದೆ, ಅವರು ಮೆಲ್ಲಗೆ ಡಬ್ಬಿ ಮುಚ್ಚಿದರು. ಸರಿಯಾದದ್ದೇ. ಸಾಮೂಹಿಕ ಪ್ರಾರ್ಥನೆಗೆ ಹತ್ತು ಜನ ಗಂಡಸರು ಬೇಕು, ಒಂಬತ್ತೇ ಇದ್ದರು. ಹತ್ತನೆಯವರು ಪೇಣ್ ದಾಟಿ ಬರುತ್ತಿದ್ದಾರೆ ಅಂತ ಫೋನ್ ಮೇಲೆ ಫೋನ್. ವಡಖಳದಲ್ಲಿ ಸಿಕ್ಕಿಹಾಕಿಕೊಂಡಿದ್ದರಂತೆ, ಪಾಪ.

ಎಲಿಯಾ ಪ್ರವಾದಿಯ ರಥದ ಗುರುತು ಇದೆ ಅನ್ನುವ ಬಂಡೆ ಖಂಡಾಳೆ ಹಳ್ಳಿಯಲ್ಲಿದೆ. ಇದು ಅಲಿಬಾಗ್ ಪಕ್ಕದ ಖಂಡಾಳೆ. ಮ್ಯಾಪ್‌ನಲ್ಲಿ ಸುಮ್ನೆ ಖಂಡಾಲಾ ಅಂತ ಹಾಕಿದರೆ ಲೋಣಾವಳಾ ಘಾಟಿಗೆ ದಾರಿ ತೋರಿಸುತ್ತದೆ. ಹರಕೆ ಇದ್ದವರು ಅಲ್ಲಿ ಮಲೀದಾ ಮಾಡುತ್ತಾರೆ: ಅವಲಕ್ಕಿ, ಬೆಲ್ಲ ಅಥವಾ ಸಕ್ಕರೆ, ಕಾಯಿತುರಿ, ಏಲಕ್ಕಿ, ಜೊತೆಗೆ ಹಣ್ಣು. ನಮ್ಮ ಕೃಷ್ಣಾಷ್ಟಮಿ ಅವಲಕ್ಕಿಗೂ ಅದಕ್ಕೂ ರುಚಿಯಲ್ಲಿ ವ್ಯತ್ಯಾಸ ಹುಡುಕಬೇಕು.

ರೂಮಿನ ಕಥೆಯನ್ನೂ ಹೇಳಿಬಿಡುತ್ತೇನೆ. ಫೋನ್‌ನಲ್ಲಿ ಹೇಳಿದ ಬಾಡಿಗೆ ಒಂದು, ಹೋದ ಮೇಲೆ 'ಇವತ್ತು ಶನಿವಾರ ಸಾಹೇಬ್' ಅಂತ ಅದರ ಎರಡೂವರೆ ಪಟ್ಟು. ಎಸಿ ರಿಮೋಟ್ ಬೇಕಾದರೆ ಬೇರೆ ದುಡ್ಡು. ರಿಮೋಟ್‌ಗೆ! ರಾತ್ರಿಯಿಡೀ ಪಕ್ಕದ ರೂಮಿನಲ್ಲಿ ಹತ್ತು ಹುಡುಗರ ಹಾಡು. ಬೆಳಗ್ಗೆ ಬಕೆಟ್ ಬಿಸಿನೀರಿಗೆ ಅರ್ಧ ಗಂಟೆ ಕಾದೆ. ಶನಿವಾರ ರೂಮೂ ದುಬಾರಿ, ಯಹೂದಿಗಳ ವಾರದ ವಿಶ್ರಾಂತಿ ದಿನ ಸಬ್ಬತ್ ಅಂತ ಸಿನಗಾಗ್ ಕೂಡ ಪ್ರವಾಸಿಗರಿಗಲ್ಲ. ಎರಡು ಕಡೆಯಿಂದಲೂ ನಷ್ಟ.

ಆದರೆ ಊಟ! ಎಸ್‌ಟಿ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಬೋರ್ಡೂ ಸರಿಯಾಗಿ ಇಲ್ಲದ ಒಂದು ಖಾನಾವಳಿ. ನಾಲ್ಕು ಟೇಬಲ್. ಒಬ್ಬ ಮಾವ್ಶಿ, ಅವರ ಸೊಸೆ. ಅಕ್ಕಿ ಭಾಕರಿ ಒಂದೊಂದಾಗಿ ಕೈಯಲ್ಲೇ ತಟ್ಟಿ ಬಿಸಿಬಿಸಿ ಹಾಕುತ್ತಾರೆ. ಜೋಳದ ರೊಟ್ಟಿ ತಿಂದು ಬೆಳೆದ ನನಗೆ ಅಕ್ಕಿಯದು ಅಷ್ಟಕ್ಕಷ್ಟೇ, ಆದರೆ ಇದು ಬೆಣ್ಣೆಯಷ್ಟು ಮೆತ್ತಗೆ. ಜೊತೆಗೆ ಮೊಳಕೆ ಬಂದ ವಾಲಿನ ಉಸಳಿ, ಸಿಪ್ಪೆ ಸುಲಿದದ್ದು, ಸ್ವಲ್ಪ ಕಹಿ, ಕಾಯಿಹಾಲು ಹಾಕಿ ಮಾಡಿದ್ದು. ಮೀನು ತಿನ್ನುವವರಿಗೆ ರವೆ ಹಚ್ಚಿ ಹುರಿದ ಬಂಗುಡೆ. ಭಾವ ಮೂರು ತಿಂದರು, ನಾಲ್ಕನೆಯದಕ್ಕೆ ಮಾವ್ಶಿಯೇ 'ಸಾಕು, ರಾತ್ರಿಗೆ ಬನ್ನಿ' ಅಂದರು. ಸೋಲ್ ಕಡಿ ಎಷ್ಟು ಬೇಕಾದರೂ ಹಾಕುತ್ತಾರೆ, ಅಂಗಡಿ ಪುಡಿಯ ಗುಲಾಬಿ ನೀರಲ್ಲ, ತಳದಲ್ಲಿ ಕೋಕಂ ಸಿಪ್ಪೆ ಕಾಣುವಂಥದ್ದು. ಇಬ್ಬರ ಊಟದ ಬಿಲ್ಲು ಹಿಂದಿನ ದಿನ ಬೀಚ್ ಹತ್ತಿರ ಕುಡಿದ ಎರಡು ಕಾಫಿಗಿಂತ ಕಡಿಮೆ. ಒಂದೂವರೆಯೊಳಗೆ ಹೋಗಿ, ಆಮೇಲೆ ಉಸಳಿ ಖಾಲಿ.

ಸಿನಗಾಗ್‌ನ ಅಜ್ಜಿಯೂ ಅಡುಗೆಗೆ ಕಾಯಿಹಾಲೇ ಅಂದರು. ಮಾಂಸದ ಜೊತೆ ಹಸುವಿನ ಹಾಲು ಬಳಸುವಂತಿಲ್ಲ, ಅದಕ್ಕೆ. ಹೊಸ ವರ್ಷಕ್ಕೆ ಗೋಧಿ ಹಾಲು, ಕಾಯಿಹಾಲು ಸೇರಿಸಿ ಗಂಟೆಗಟ್ಟಲೆ ಕೈಯಾಡಿಸಿ ಹಲ್ವಾ ಮಾಡುತ್ತಾರೆ. ವೈನ್ ಬದಲು ಒಣದ್ರಾಕ್ಷಿ ನೆನೆಸಿದ ಶರಬತ್ತು.

ಕೊನೆಗೆ ಸಿಮ್ಹತ್ ತೋರಾ ರಾತ್ರಿ, ಠಾಣೆಯಲ್ಲಿ. ಇಲ್ಲಿ ಮಾತ್ರ ನಾನು ಗದ್ದಲ ಸಹಿಸಿಕೊಂಡೆ. ವರ್ಷವಿಡೀ ಓದಿದ ಧರ್ಮಗ್ರಂಥ ತೋರಾ ಮುಗಿದು ಮತ್ತೆ ಮೊದಲಿನಿಂದ ಶುರುವಾಗುವ ದಿನ. ಸುರುಳಿಗಳನ್ನು ಎದೆಗವಚಿಕೊಂಡು ಸುತ್ತು ಬರುತ್ತಾರೆ, ಹಾಡು, ಕುಣಿತ, ಹುಡುಗರ ಹೆಗಲ ಮೇಲೆ ಪುಟ್ಟ ಮಕ್ಕಳು. ಯಾರು ಯಾವ ಸುರುಳಿ ಹಿಡಿಯಬೇಕು ಅಂತ ನಮ್ಮ ಜಾತ್ರೆಯಲ್ಲಿ ಕಾಯಿ, ಸೀರೆ ಸವಾಲು ಹಾಕುತ್ತಾರಲ್ಲ, ಹಾಗೇ ಸವಾಲು, ಅದೂ ಮರಾಠಿಯಲ್ಲಿ. ಹಬ್ಬವಾದ್ದರಿಂದ ದುಡ್ಡು ಕೈಬದಲಾಗಲ್ಲ, ಆಮೇಲೆ ಕೊಡುತ್ತಾರೆ. ನೀವೂ ಪರ್ಸ್ ತೆಗೆಯಬೇಡಿ, ಕಾಣಿಕೆ ಕೊಡಬೇಕೆಂದಿದ್ದರೆ ಬೇರೆ ದಿನ ಕೊಡಿ. ಫೋನ್ ಮನೆಯಲ್ಲೇ ಬಿಟ್ಟು ಬನ್ನಿ. ಈ ವರ್ಷ ಅದು ಅಕ್ಟೋಬರ್ 3ರ ಶನಿವಾರ ರಾತ್ರಿ, 4ರ ಭಾನುವಾರ. ಯಾರಾದರೂ ಕರೆದರೆ ಮಾತ್ರ ಹೋಗಿ. ಕರೆದವರ ಹೆಸರು ಗೇಟಿನ ಪಟ್ಟಿಯಲ್ಲಿ ನಿಮ್ಮ ಹೆಸರಿನ ಪಕ್ಕ ಇದೆಯಾ ಅಂತ ಹಿಂದಿನ ದಿನವೇ ಕೇಳಿಕೊಳ್ಳಿ. ವಾಪಸ್ ಬರಲು ಭಾನುವಾರ ರಾತ್ರಿಯ ರೈಲು ಈಗಲೇ ನೋಡಿಟ್ಟುಕೊಳ್ಳಿ, ರಜೆ ಮುಗಿಸಿ ಹೊರಟವರಿಂದ ತತ್ಕಾಲ್ ಕೂಡ ಸಿಗಲ್ಲ.